ಕುಶಲರು, ಪ್ರವೀಣರು, ಪಳಗಿದ ಕೈಗಳು

ಮಕ್ಕಳೇ, ಒಂದು ಕೆಲಸವನ್ನು ಚೆನ್ನಾಗಿ ಬಲ್ಲವರನ್ನು ಕರೆಯಲು ನಮ್ಮಲ್ಲಿ ಎಷ್ಟು ಮಾತುಗಳಿವೆ ನೋಡಿ. ಕುಶಲರು, ನಿಪುಣರು, ಪ್ರವೀಣರು, ಪರಿಣತರು, ನುರಿತವರು, ಗಟ್ಟಿಗರು. ಇಷ್ಟೂ ಸಾಲದೆ 'ಹೋಳಿಗೆ ಮಾಡುವುದರಲ್ಲಿ ಅಜ್ಜಿಯದು ಎತ್ತಿದ ಕೈ' ಅನ್ನುತ್ತೇವೆ, 'ಬಾವಿ ತೋಡುವುದರಲ್ಲಿ ಅವರದು ಪಳಗಿದ ಕೈ' ಅನ್ನುತ್ತೇವೆ. ಈ ಮಾತುಗಳಲ್ಲಿ ಕೆಲವನ್ನು ಬಿಡಿಸಿ ನೋಡಿದರೆ ಒಳಗೆ ಗಿಡ, ಕಬ್ಬಿಣ, ತಂತಿ, ಮೆದುಳು ಎಲ್ಲ ಸಿಗುತ್ತವೆ. ನನಗೆ ತುಂಬ ಇಷ್ಟವಾದ ಕೆಲವನ್ನು ಮಾತ್ರ ಇವತ್ತು ಬಿಡಿಸೋಣ.

ಮೊದಲು 'ಕುಶಲ'. ಕುಶ ಎಂದರೆ ಒಂದು ಜಾತಿಯ ಹುಲ್ಲು. ಪೂಜೆ, ಹೋಮಗಳಲ್ಲಿ ಬೆರಳಿಗೆ ಉಂಗುರದ ಹಾಗೆ ಸುತ್ತಿಕೊಳ್ಳುತ್ತಾರಲ್ಲ, ದರ್ಭೆ ಅನ್ನುತ್ತಾರಲ್ಲ, ಅದೇ. ಅದರ ಅಂಚು ಬಹಳ ಹರಿತ. ಕಿತ್ತು ತರಲು ಹೋದವರಲ್ಲಿ ಹೆಚ್ಚಿನವರು ಕೈ ಕೊಯ್ದುಕೊಂಡು ಬರುತ್ತಾರೆ. ಗಾಯವಿಲ್ಲದೆ ಕುಶವನ್ನು ತರಬಲ್ಲವನೇ ಕುಶಲ ಎಂದು ಹಳೆಯ ಪಂಡಿತರು ವಿವರಿಸುತ್ತಿದ್ದರು. ಆಮೇಲೆ ಹುಲ್ಲು ಮರೆತುಹೋಯಿತು, ಯಾವ ಕೆಲಸವನ್ನಾದರೂ ಚೆನ್ನಾಗಿ ಮಾಡುವವರು ಕುಶಲರಾದರು. ಸುಮಾರು ಒಂಬೈನೂರು ವರ್ಷಗಳ ಹಿಂದೆ ಕಾಶ್ಮೀರದ ಮಮ್ಮಟ ಎಂಬ ವಿದ್ವಾಂಸ ತನ್ನ 'ಕಾವ್ಯಪ್ರಕಾಶ'ದಲ್ಲಿ, ಮಾತುಗಳ ಅರ್ಥ ಹೇಗೆ ಜರುಗುತ್ತದೆ ಎಂದು ತೋರಿಸಲು ಇದೇ ಮಾತನ್ನು ಎತ್ತಿಕೊಂಡಿದ್ದಾನೆ.

ಆದರೆ ಹುಲ್ಲನ್ನು ನಾವು ಮರೆಯುವುದು ಬೇಡ. ಮೆತ್ತಗಿನ ಹುಲ್ಲು ಕೈ ಕೊಯ್ಯುವುದು ಹೇಗೆ?

ಕಬ್ಬಿನ ಗದ್ದೆಯಲ್ಲಿ ಓಡಾಡಿದವರಿಗೆ ಉತ್ತರದ ಅರ್ಧ ಭಾಗ ಗೊತ್ತಿರುತ್ತದೆ. ಕಬ್ಬೂ ಹುಲ್ಲಿನ ಕುಟುಂಬದ್ದೇ. ಅದರ ಗರಿಯ ಅಂಚನ್ನು ಬುಡದಿಂದ ತುದಿಯ ಕಡೆಗೆ ಮೆಲ್ಲಗೆ ಸವರಿದರೆ ನುಣುಪಾಗಿರುತ್ತದೆ. ತುದಿಯಿಂದ ಬುಡದ ಕಡೆಗೆ ಸವರಲು ಹೋದರೆ ಗರಗಸಕ್ಕೆ ಬೆರಳು ಕೊಟ್ಟ ಹಾಗೆ. ಭೂತಕನ್ನಡಿ ಹಿಡಿದು ನೋಡಿ, ಅಂಚಿನಲ್ಲಿ ಸಾಲಾಗಿ ಪುಟ್ಟ ಮುಳ್ಳುಗಳು ಕಾಣುತ್ತವೆ. ಎಲ್ಲವೂ ತುದಿಯ ಕಡೆಗೆ ಬಾಗಿರುತ್ತವೆ. ಆ ಮುಳ್ಳುಗಳಿಗೆ ಗಟ್ಟಿತನ ಕೊಟ್ಟಿರುವುದು ಸಿಲಿಕಾ. ಹೊಳೆಯ ಮರಳಿನಲ್ಲಿ ಇರುವುದು ಬಹುಪಾಲು ಸಿಲಿಕಾ, ಕಿಟಕಿಯ ಗಾಜಿನಲ್ಲೂ ಬಹುಪಾಲು ಅದೇ. ಮಣ್ಣಿನ ನೀರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಸಿಲಿಕಾ ಕರಗಿರುತ್ತದೆ. ಹುಲ್ಲಿನ ಬೇರು ಆ ನೀರನ್ನು ಹೀರುತ್ತದೆ. ನೀರು ಎಲೆಗೆ ಏರಿ ಆವಿಯಾಗಿ ಹೋಗುತ್ತದೆ, ಸಿಲಿಕಾ ಎಲೆಯಲ್ಲೇ ಉಳಿದು ಗಟ್ಟಿಯಾಗುತ್ತದೆ. ಕಾಲಿಲ್ಲದ, ಓಡಿಹೋಗಲಾಗದ ಗಿಡಕ್ಕೆ ದನಕರುಗಳ ಮತ್ತು ಹುಳುಗಳ ಬಾಯಿಂದ ಸ್ವಲ್ಪವಾದರೂ ಉಳಿದುಕೊಳ್ಳಲು ಇದೊಂದು ದಾರಿ.

ಭತ್ತವೂ ಹುಲ್ಲೇ. ಭತ್ತದ ಹೊಟ್ಟನ್ನು ಸುಟ್ಟರೆ ಉಳಿಯುವ ಬೂದಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಸಿಲಿಕಾ ಇರುತ್ತದೆ. ಹಳ್ಳಿಯ ಮನೆಗಳಲ್ಲಿ ಆ ಬೂದಿಯಿಂದ ಪಾತ್ರೆ ತಿಕ್ಕುತ್ತಿದ್ದುದು ಸುಮ್ಮನೆ ಅಲ್ಲ. ಕಲೆಯನ್ನು ಕೆರೆದು ತೆಗೆಯುತ್ತಿದ್ದುದು ಆ ನವಿರಾದ ಮರಳು. ಸಾವಿರಾರು ವರ್ಷ ಹಿಂದೆ ಜನ ಕಲ್ಲಿನ ಚಕ್ಕೆಗಳನ್ನು ಕುಡುಗೋಲು ಮಾಡಿಕೊಂಡು ಪೈರು ಕೊಯ್ಯುತ್ತಿದ್ದರು. ಅಂಥ ಚಕ್ಕೆಗಳು ಭೂಮಿಯನ್ನು ಅಗೆದಾಗ ಈಗಲೂ ಸಿಗುತ್ತವೆ. ಪೈರಿಗೆ ತಾಗುತ್ತಿದ್ದ ಅಂಚು ಮಾತ್ರ ಎಣ್ಣೆ ಸವರಿದಂತೆ ಹೊಳೆಯುತ್ತಿರುತ್ತದೆ. ಹುಲ್ಲಿನ ಸಿಲಿಕಾ ಉಜ್ಜಿ ಉಜ್ಜಿ ಬಂದ ಹೊಳಪು ಅದು. ಆ ಹೊಳಪು ಕಂಡರೆ ಸಾಕು, ಈ ಕಲ್ಲು ಹಿಡಿದವರು ಪೈರು ಕೊಯ್ಯುತ್ತಿದ್ದರು ಎಂದು ಪುರಾತತ್ವದವರು ಹೇಳಬಲ್ಲರು.

ಕಲ್ಲು ಹೋಗಿ ಕಬ್ಬಿಣದ ಕುಡುಗೋಲು ಬಂದಿತು. ಕೊಯ್ದು ಕೊಯ್ದು ಅದೂ ಮೊಂಡಾಗುತ್ತದೆ. ಆಗ ಅದನ್ನು ಯಾರ ಹತ್ತಿರ ಒಯ್ಯಬೇಕು? ಕಮ್ಮಾರರ ಹತ್ತಿರ.

ಕಮ್ಮಾರರ ಕುಲುಮೆಯ ಒಳಗೆ ಹೋಗಿದ್ದೀರಾ? ಹಗಲಲ್ಲೂ ಒಳಗೆ ಅರೆಗತ್ತಲು. ಬಿಸಿಲಲ್ಲಿ ಯಾಕೆ ಕೂರುವುದಿಲ್ಲ ಎಂದರೆ, ಅವರಿಗೆ ಕಾದ ಕಬ್ಬಿಣದ ಬಣ್ಣ ಸರಿಯಾಗಿ ಕಾಣಬೇಕು. ಆ ಬಣ್ಣವೇ ಅವರ ಥರ್ಮಾಮೀಟರ್. ಕಬ್ಬಿಣ ಸುಮಾರು 500 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕತ್ತಲಲ್ಲಿ ಮಸುಕು ಕೆಂಪಾಗಿ ಕಾಣತೊಡಗುತ್ತದೆ. 800ರ ಆಸುಪಾಸಿನಲ್ಲಿ ನಿಗಿನಿಗಿ ಕೆಂಪು, ಇನ್ನೂ ಕಾಯಿಸಿದರೆ ಕಿತ್ತಳೆ, 1100ರ ಹೊತ್ತಿಗೆ ಹಳದಿ. ಯಾವ ವಸ್ತುವಾದರೂ ಕಾದಷ್ಟೂ ಅದರ ಬೆಳಕು ಕೆಂಪಿನಿಂದ ಹಳದಿಗೆ, ಬಿಳಿಗೆ, ಕೊನೆಗೆ ನೀಲಿಯ ಕಡೆಗೆ ಸರಿಯುತ್ತದೆ. ನಕ್ಷತ್ರಗಳ ಶಾಖವನ್ನು ಖಗೋಳ ವಿಜ್ಞಾನಿಗಳು ಕಂಡುಕೊಳ್ಳುವುದೂ ಇದೇ ನಿಯಮದಿಂದ. ಚಳಿಗಾಲದ ರಾತ್ರಿ ಮಹಾವ್ಯಾಧ ನಕ್ಷತ್ರಪುಂಜವನ್ನು ಹುಡುಕಿ. ಅದರ ಒಂದು ಮೂಲೆಯಲ್ಲಿ ಕೆಂಪಗೆ ಕಾಣುವುದು ಆರ್ದ್ರಾ, ಅದರ ಎದುರು ಮೂಲೆಯಲ್ಲಿ ನೀಲಿ ಬಿಳುಪಾಗಿ ಮಿನುಗುವುದು ರೈಜೆಲ್. ರೈಜೆಲ್ ಹೆಚ್ಚು ಬಿಸಿ ಎಂದು ಯಾವ ಕಮ್ಮಾರರಾದರೂ ಥಟ್ಟನೆ ಹೇಳಿಬಿಡುತ್ತಾರೆ.

ಈಗ ಅವರು ಕುಡುಗೋಲನ್ನು ಇಕ್ಕಳದಲ್ಲಿ ಹಿಡಿದು ಕುಲುಮೆಯಿಂದ ತೆಗೆದು, ಅಡಿಗಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ತಟ್ಟಿ ಅಂಚನ್ನು ತೆಳುಮಾಡುತ್ತಾರೆ. ಮತ್ತೆ ಕಾಯಿಸಿ, ನಿಗಿನಿಗಿ ಕೆಂಪಾದಾಗ ನೀರಿಗೆ ಅದ್ದುತ್ತಾರೆ. ಚುಂಯ್ ಎಂದು ಉಗಿ ಏಳುತ್ತದೆ. ಆ ಒಂದು ಕ್ಷಣದಲ್ಲಿ ಒಳಗೆ ದೊಡ್ಡ ಘಟನೆಯೇ ನಡೆದುಹೋಗುತ್ತದೆ. ಕುಡುಗೋಲಿನ ಅಲಗು ಉಕ್ಕಿನದು. ಉಕ್ಕು ಎಂದರೆ ಕಬ್ಬಿಣದ ಜೊತೆಗೆ ಸ್ವಲ್ಪ ಇಂಗಾಲ. ಚೆನ್ನಾಗಿ ಕಾದಾಗ ಕಬ್ಬಿಣದ ಪರಮಾಣುಗಳು ತಮ್ಮ ಸಾಲುಗಳನ್ನು ಬದಲಿಸಿಕೊಂಡು ಇಂಗಾಲಕ್ಕೆ ನಡುವೆ ಜಾಗ ಕೊಡುತ್ತವೆ. ನಿಧಾನವಾಗಿ ತಣಿಸಿದರೆ ಇಂಗಾಲ ಮೆಲ್ಲಗೆ ಹೊರಬರುತ್ತದೆ. ಒಮ್ಮೆಲೇ ತಣಿಸಿದರೆ ಅದಕ್ಕೆ ಸಮಯ ಸಿಗದೆ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಸಾಲುಗಳು ಜರುಗದಂತೆ ಬಿಗಿಯಾಗುತ್ತವೆ, ಉಕ್ಕು ಬಹಳ ಗಟ್ಟಿಯಾಗುತ್ತದೆ.

ಆದರೆ ಅಷ್ಟು ಗಟ್ಟಿಯಾದ ಉಕ್ಕಿಗೆ ಬಗ್ಗಲು ಬರುವುದಿಲ್ಲ. ಕಲ್ಲಿಗೆ ತಾಗಿದರೆ ಟಣ್ ಎಂದು ಮುರಿಯುತ್ತದೆ. ಹಾಗಾಗಿ ಅದನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೊಮ್ಮೆ, ಈ ಸಲ ಸ್ವಲ್ಪವೇ, ಬಿಸಿ ಮಾಡಬೇಕು. ನೀವು ಹತ್ತಿರ ನಿಂತು ನೋಡಬೇಕಾದದ್ದು ಈ ಹೊತ್ತನ್ನು. ಉಜ್ಜಿದ ಉಕ್ಕಿನ ಮೇಲೆ ಮೊದಲು ಒಣಹುಲ್ಲಿನ ಹಳದಿ ಮೂಡುತ್ತದೆ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಉಕ್ಕು ಇಲ್ಲಿ ಹೊಳೆಯುತ್ತಿಲ್ಲ, ಈ ಬಣ್ಣಗಳಿಗೆ ಕಾರಣವೇ ಬೇರೆ. ಗಾಳಿಯ ಆಮ್ಲಜನಕ ಉಕ್ಕಿನೊಡನೆ ಸೇರಿ ಮೇಲೆ ಬಲು ತೆಳ್ಳನೆಯ ಪೊರೆ ಕಟ್ಟುತ್ತದೆ. ಪೊರೆಯ ದಪ್ಪ ಬದಲಾದ ಹಾಗೆ, ಅದರ ಮೇಲಿಂದಲೂ ಕೆಳಗಿನಿಂದಲೂ ಹಿಂದಿರುಗುವ ಬೆಳಕು ಒಂದಕ್ಕೊಂದು ಬೆರೆತು ಬೇರೆ ಬೇರೆ ಬಣ್ಣ ತೋರುತ್ತದೆ. ತಿಳಿ ಹಳದಿ ಬಂದರೆ ಸುಮಾರು 220 ಡಿಗ್ರಿ, ನೀಲಿ ಬಂದರೆ ಸುಮಾರು 300. ಹರಿತ ಮುಖ್ಯವಾದರೆ ಹಳದಿಯಲ್ಲೇ ನಿಲ್ಲಿಸಬೇಕು, ಬಾಗುವ ಗುಣ ಬೇಕಾದರೆ ನೀಲಿಯವರೆಗೆ ಹೋಗಬೇಕು. ಹಳದಿ ನೀಲಿಯಾಗಲು ಹೆಚ್ಚು ಹೊತ್ತು ಬೇಡ, ಕಣ್ಣು ಆ ಕಡೆ ಈ ಕಡೆ ಹೋಗುವ ಹಾಗಿಲ್ಲ. ಈ ಎಚ್ಚರಕ್ಕೆ ನಮ್ಮಲ್ಲಿ ಚಿಕ್ಕದೊಂದು ಮಾತಿದೆ: ಹದ. ಮಣ್ಣಿಗೂ ಹದ, ಬೆಲ್ಲದ ಪಾಕಕ್ಕೂ ಹದ, ಉಕ್ಕಿಗೂ ಹದ. ಯಾವ ಕಸುಬಿನಲ್ಲಾದರೂ ಕಲಿಯಲು ತುಂಬ ಕಾಲ ಹಿಡಿಯುವುದು ಹದವನ್ನೇ.

'ಪ್ರವೀಣ' ಎಂಬ ಮಾತು ಕಣ್ಣಿನಿಂದ ಕಿವಿಗೆ ನಮ್ಮನ್ನು ಕರೆದುಕೊಂಡು ಹೋಗುತ್ತದೆ. ಅದರ ಒಳಗೆ ವೀಣೆ ಇದೆ. ವೀಣೆ ನುಡಿಸುವುದರಲ್ಲಿ ಗಟ್ಟಿಗನಾದವನು ಪ್ರವೀಣ, ಆಮೇಲೆ ಎಲ್ಲ ವಿದ್ಯೆಯವರಿಗೂ ಆ ಮಾತು ಬಂದಿತು ಎಂದು ಪಂಡಿತರ ವಿವರಣೆ. ನಮ್ಮ ಕನ್ನಡಿಗರಿಗೆ ಇನ್ನೊಂದು ಚೆಂದದ ರೂಢಿಯಿದೆ. ಬಹಳ ದೊಡ್ಡ ಕಲಾವಿದರಾದರೆ ಅವರ ವಾದ್ಯವನ್ನು ಹೆಸರಿನ ಮುಂದೆಯೇ ಇಟ್ಟುಬಿಡುತ್ತೇವೆ. ಮೈಸೂರಿನ ಅರಮನೆಯಲ್ಲಿ ನುಡಿಸುತ್ತಿದ್ದ ವೀಣೆ ಶೇಷಣ್ಣ (1852-1926) ಹಾಗೆ, ಏಳು ತಂತಿಯ ಪಿಟೀಲನ್ನು ತಂದ ಪಿಟೀಲು ಚೌಡಯ್ಯ ಹಾಗೆ. ಬೆಂಗಳೂರಿನ ಮಲ್ಲೇಶ್ವರದ ಕಡೆ ಹೋದರೆ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನವನ್ನು ನೋಡಬಹುದು.

ಈ ಎರಡು ವಾದ್ಯಗಳ ನಡುವೆ ಒಂದು ದೊಡ್ಡ ವ್ಯತ್ಯಾಸ. ವೀಣೆಗೆ 24 ಮೆಟ್ಟಿಲುಗಳಿವೆ, ಮೇಣದಲ್ಲಿ ಕೂರಿಸಿರುತ್ತಾರೆ. ಯಾವ ಸ್ವರ ಎಲ್ಲಿ ಎಂದು ಮೆಟ್ಟಿಲೇ ತೋರಿಸುತ್ತದೆ. ಪಿಟೀಲಿಗೆ ಮೆಟ್ಟಿಲೇ ಇಲ್ಲ. ನುಣುಪಾದ ಕರಿ ಹಲಗೆಯ ಮೇಲೆ ಸಾಮಾನ್ಯವಾಗಿ ನಾಲ್ಕು ತಂತಿ, ಅಷ್ಟೇ. ತಂತಿಯ ಉದ್ದ ಕಡಿಮೆಯಾದಷ್ಟೂ ಸ್ವರ ಮೇಲೇರುತ್ತದೆ. ಸರಿಯಾಗಿ ಅರ್ಧಕ್ಕೆ ಒತ್ತಿದರೆ ಷಡ್ಜ ಹೋಗಿ ಮೇಲಿನ ಷಡ್ಜ. ಬೆರಳು ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಪಳಗಿದ ಕಿವಿಗೆ ಅಪಸ್ವರ ತಿಳಿಯುತ್ತದೆ. ನುಡಿಸುವವರು ಪ್ರತಿ ಸಲ ಬೆರಳಿಟ್ಟು, ಕೇಳಿ, ಕೂದಲೆಳೆಯಷ್ಟು ಜರುಗಿಸುತ್ತಾರೆ. ವರ್ಷಗಟ್ಟಲೆ ಹೀಗೆ ಮಾಡಿದವರ ತಲೆಯೊಳಗೆ ಏನಾಗಿರುತ್ತದೆ? 1995ರಲ್ಲಿ ಜರ್ಮನಿಯ ಥಾಮಸ್ ಎಲ್ಬರ್ಟ್ ಮತ್ತು ಜೊತೆಗಾರರು ತಂತಿವಾದ್ಯ ನುಡಿಸುವವರ ಮೆದುಳನ್ನು ಪರೀಕ್ಷಿಸಿ ನೋಡಿದರು. ಎಡಗೈ ಬೆರಳುಗಳ ಸ್ಪರ್ಶವನ್ನು ಗ್ರಹಿಸಲು ಮೆದುಳಿನಲ್ಲಿ ಮೀಸಲಾದ ಜಾಗ, ವಾದ್ಯ ನುಡಿಸದವರಿಗಿಂತ ಅವರಲ್ಲಿ ಹೆಚ್ಚು ವಿಸ್ತಾರವಾಗಿತ್ತು. ಚಿಕ್ಕ ವಯಸ್ಸಿನಲ್ಲಿ ಕಲಿಯತೊಡಗಿದವರಲ್ಲಿ ಇನ್ನೂ ಹೆಚ್ಚು. ಕೈ ಮಾಡುವ ಕೆಲಸಕ್ಕೆ ತಕ್ಕಂತೆ ಮೆದುಳು ತನ್ನ ಜಾಗವನ್ನೇ ಹಂಚಿಕೊಡುತ್ತದೆ ಎಂಬುದು ನನಗೆ ಈಗಲೂ ಬೆರಗಿನ ಸಂಗತಿ.

ಬೆರಳಿನ ಮಾತು ಬಂದಾಗ ಸೂಲಗಿತ್ತಿಯರನ್ನು ನೆನೆಯದೆ ಮುಂದೆ ಹೋಗಲಾಗದು. ಸೂಲು ಎಂದರೆ ಹೆರಿಗೆ, ಹೆರಿಗೆ ಮಾಡಿಸುವವರು ಸೂಲಗಿತ್ತಿ. ತುಮಕೂರು ಜಿಲ್ಲೆ ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ ಕಸುಬೇ ಹೆಸರಿನ ಮುಂದೆ ಬಂದಿತ್ತು. ಹಣ ತೆಗೆದುಕೊಳ್ಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಬಲ್ಲ ಸೂಲಗಿತ್ತಿ ತಾಯಿಯ ಹೊಟ್ಟೆಯ ಮೇಲೆ ಕೈಯಿಟ್ಟು, ಗಟ್ಟಿಯಾಗಿ ದುಂಡಗೆ ಸಿಕ್ಕುವುದು ಮಗುವಿನ ತಲೆ, ಮೆತ್ತಗೆ ಸಿಕ್ಕುವುದು ಕುಂಡೆ ಎಂದು ತಿಳಿಯುತ್ತಾರೆ, ಮಗು ಹೇಗೆ ಮಲಗಿದೆ ಎಂದು ಹೇಳುತ್ತಾರೆ. ನಮ್ಮ ಬೆರಳ ತುದಿಯ ಚರ್ಮದಲ್ಲಿ ನರಗಳ ತುದಿಗಳು ಒತ್ತೊತ್ತಾಗಿವೆ. ಎರಡು ಮಿಲಿಮೀಟರ್ ಅಂತರದ ಎರಡು ಮೊನೆಗಳನ್ನು ಬೆರಳು ಎರಡೆಂದೇ ಗುರುತಿಸುತ್ತದೆ, ಬೆನ್ನಿಗೆ ಅದೇ ಎರಡು ಮೊನೆ ಒಂದೇ ಅನ್ನಿಸುತ್ತದೆ. ಗೆಳೆಯರ ಕಣ್ಣು ಮುಚ್ಚಿಸಿ ಎರಡು ಪೆನ್ಸಿಲ್ ಹಿಡಿದು ಪರೀಕ್ಷಿಸಿ ನೋಡಿ, ಮೆಲ್ಲಗೆ.

ಸೂಲಗಿತ್ತಿಯ ಹಾಗೆ ಕಸುಬಿನಿಂದಲೇ ಬಂದ ಹೆಸರುಗಳು ಇನ್ನೂ ಇವೆ. ಗಾಣ ಆಡಿಸುವವರು ಗಾಣಿಗ, ಅಂಬಿ ನಡೆಸುವವರು ಅಂಬಿಗ, ಬಳೆ ತೊಡಿಸುವವರು ಬಳೆಗಾರ, ಕಂಚಿನ ಕೆಲಸದವರು ಕಂಚುಗಾರ. ಕುಂಭ ಮಾಡುವ ಕುಂಭಕಾರ ಜನರ ಬಾಯಲ್ಲಿ ಸವೆದು ಕುಂಬಾರ ಆದರು. ಹೀಗೆ ಕೆಲಸವನ್ನು ಹೇಳುತ್ತಿದ್ದ ಹೆಸರುಗಳು ಕಾಲ ಕಳೆದಂತೆ ಜಾತಿಯ ಹೆಸರುಗಳಾದವು. ಅಲ್ಲಿ ದೊಡ್ಡ ಅನ್ಯಾಯ ನಡೆಯಿತು. ಈ ಮನೆಯಲ್ಲಿ ಹುಟ್ಟಿದವರು ಈ ಕೆಲಸವನ್ನೇ ಮಾಡಬೇಕು, ಬೇರೆಯದನ್ನು ಕಲಿಯಕೂಡದು ಎಂದು ಕಟ್ಟುಹಾಕಿದರು. ಬಹಳ ಕೌಶಲ ಬೇಕಾದ ಕೆಲಸ ಮಾಡುತ್ತಿದ್ದವರನ್ನೇ ಕೀಳಾಗಿ ಕಂಡರು. 'ಅದು ಅವರ ರಕ್ತದಲ್ಲೇ ಬಂದಿದೆ' ಎಂದು ಹೊಗಳುವ ಹಾಗೆ ಹೇಳುವವರೂ ಇದ್ದಾರೆ. ರಕ್ತದಲ್ಲಿ ಇರುವುದು ಆಮ್ಲಜನಕ ಹೊರುವ ಕಣಗಳು, ರೋಗದೊಡನೆ ಹೋರಾಡುವ ಕಣಗಳು, ಸಕ್ಕರೆ, ಉಪ್ಪು, ನೀರು ಇಂಥವು. ಕುಂಬಾರರ ತಿಗರಿ ತಿರುಗಿಸುವುದನ್ನು ಯಾವ ಮಗುವೂ ಹುಟ್ಟುವಾಗಲೇ ಕಲಿತು ಬರುವುದಿಲ್ಲ. ತಿಗರಿಯ ಪಕ್ಕದಲ್ಲಿ ಕೂತು, ಜೇಡಿಮಣ್ಣು ಮುಟ್ಟಿ, ಕೆಡಿಸಿ, ಮತ್ತೆ ಮಾಡಿ ಕಲಿಯುತ್ತದೆ. ಕೂರಲು ಜಾಗ ಕೊಟ್ಟರೆ ಯಾವ ಮನೆಯ ಮಗುವಾದರೂ ಕಲಿಯುತ್ತದೆ.

ಹಾಗಾದರೆ ಕೈ 'ಪಳಗುವುದು' ಎಂದರೆ ಏನು? ಇದಕ್ಕೆ ಉತ್ತರ ಹುಡುಕಲು ವಿಜ್ಞಾನಕ್ಕೆ ಬಹಳ ನೆರವಾದದ್ದು ಅಮೆರಿಕದ ಒಬ್ಬ ರೋಗಿ. ಹೆನ್ರಿ ಮೊಲೈಸನ್ ಅವರಿಗೆ ಚಿಕ್ಕಂದಿನಿಂದ ಮೂರ್ಛೆರೋಗ. ಯಾವ ಔಷಧಿಯೂ ನಾಟಲಿಲ್ಲ. 1953ರಲ್ಲಿ, ಅವರಿಗೆ 27 ವರ್ಷವಾಗಿದ್ದಾಗ, ಶಸ್ತ್ರಚಿಕಿತ್ಸೆ ಮಾಡಿ ಮೆದುಳಿನ ಎರಡೂ ಕಡೆ ಹಿಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನು ತೆಗೆದರು. ಮೂರ್ಛೆ ಬಹಳ ಕಡಿಮೆಯಾಯಿತು. ಆದರೆ ಅಂದಿನಿಂದ ಹೊಸ ಸಂಗತಿ ಯಾವುದೂ ನೆನಪಿನಲ್ಲಿ ನಿಲ್ಲದಾಯಿತು. ಊಟ ಮಾಡಿದ್ದು ಮರೆಯುತ್ತಿದ್ದರು. ಈಗತಾನೇ ಭೇಟಿಯಾದವರು ಕೋಣೆಯಿಂದ ಹೊರಗೆ ಹೋಗಿ ಬಂದರೆ ಅವರನ್ನು ಹೊಸಬರೆಂದೇ ಮಾತಾಡಿಸುತ್ತಿದ್ದರು.

ಕೆನಡಾದ ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವರಿಗೆ ಒಂದು ಕೆಲಸ ಕೊಟ್ಟರು. ಕಾಗದದ ಮೇಲೆ ಒಂದರೊಳಗೊಂದು ಬರೆದ ಎರಡು ನಕ್ಷತ್ರ. ಎರಡು ಗೆರೆಗಳ ನಡುವಿನ ಓಣಿಯಲ್ಲಿ ಪೆನ್ಸಿಲ್ ಹೋಗಬೇಕು, ಗೆರೆಗೆ ತಾಗಬಾರದು. ಕೈಯನ್ನೂ ಕಾಗದವನ್ನೂ ನೇರವಾಗಿ ನೋಡುವಂತಿಲ್ಲ, ಕನ್ನಡಿಯಲ್ಲಿ ಮಾತ್ರ ನೋಡಬೇಕು. ಕನ್ನಡಿಯಲ್ಲಿ ಎಲ್ಲ ತಿರುಗುಮುರುಗಾಗಿ ಕಾಣುವುದರಿಂದ ಯಾರಿಗಾದರೂ ಮೊದಲು ಕೈ ತಡವರಿಸುತ್ತದೆ. ಹೆನ್ರಿಗೂ ಹಾಗೇ ಆಯಿತು. ಮೂರು ದಿನ ಮತ್ತೆ ಮತ್ತೆ ಬಿಡಿಸಿದರು. ಪ್ರತಿ ದಿನವೂ ಅವರಿಗೆ ಇದು ಹೊಚ್ಚ ಹೊಸ ಆಟ, ಹಿಂದೆ ಆಡಿದ ನೆನಪೇ ಇಲ್ಲ. ಆದರೆ ತಪ್ಪುಗಳು ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತ ಬಂದು ಮೂರನೆಯ ದಿನದ ಹೊತ್ತಿಗೆ ಗೆರೆ ಸಲೀಸಾಗಿ ಹೋಗುತ್ತಿತ್ತು. 1962ರಲ್ಲಿ ಮಿಲ್ನರ್ ಇದನ್ನು ಪ್ರಕಟಿಸಿದರು. ನಿನ್ನೆ ಏನಾಯಿತು ಎಂಬ ನೆನಪು ಮೆದುಳಿನ ಒಂದು ಕಡೆ, ಕೆಲಸ ಹೇಗೆ ಮಾಡುವುದು ಎಂಬ ನೆನಪು ಬೇರೆ ಕಡೆ ಎಂಬುದು ಅಲ್ಲಿಂದ ತಿಳಿಯುತ್ತ ಹೋಯಿತು. ಹೆನ್ರಿ 2008ರಲ್ಲಿ ತೀರಿಕೊಳ್ಳುವವರೆಗೂ ವಿಜ್ಞಾನದ ಬರಹಗಳಲ್ಲಿ ಅವರ ಪೂರ್ತಿ ಹೆಸರು ಬರೆಯದೆ ಎಚ್.ಎಂ. ಎಂದಷ್ಟೇ ಕರೆಯುತ್ತಿದ್ದರು.

ಕೈಕೆಲಸದ ನೆನಪಿಗೆ ಮುಖ್ಯವಾಗಿ ಬೇಕಾದ ಭಾಗಗಳಲ್ಲಿ ಒಂದು ಕಿರುಮೆದುಳು. ನಿಮ್ಮ ತಲೆಯ ಹಿಂಭಾಗಕ್ಕೆ, ಕತ್ತಿಗಿಂತ ತುಸು ಮೇಲೆ ಕೈಯಿಟ್ಟರೆ ಅದು ಇರುವ ಜಾಗ. ತೂಕದಲ್ಲಿ ಇಡೀ ಮೆದುಳಿನ ಹತ್ತನೆಯ ಒಂದು ಪಾಲು. ಆದರೆ ಮೆದುಳಿನಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಅಲ್ಲೇ ಇವೆ. ಕೈ ಹೀಗೆ ಹೋದರೆ ಹೀಗಾದೀತು ಎಂದು ಅದು ಮೊದಲೇ ಅಂದಾಜು ಮಾಡುತ್ತದೆ. ಆದದ್ದು ಅಂದಾಜಿಗಿಂತ ಬೇರೆಯಾದರೆ ಮುಂದಿನ ಸಲಕ್ಕೆ ತಿದ್ದಿಕೊಳ್ಳುತ್ತದೆ. ಅಂದರೆ ತಪ್ಪು ಇಲ್ಲದಿದ್ದರೆ ಅದಕ್ಕೆ ತಿದ್ದಲು ಏನೂ ಸಿಗುವುದಿಲ್ಲ. ಪಿಟೀಲಿನ ಅಪಸ್ವರ, ಸೊಟ್ಟಗಾದ ಮಡಕೆ, ಮುರಿದ ಕುಡುಗೋಲು, ಇವೆಲ್ಲ ಅದಕ್ಕೆ ಬೇಕು.

ಹೆನ್ರಿ ಮಾಡಿದ ಪರೀಕ್ಷೆಯನ್ನು ನೀವೂ ಮಾಡಬಹುದು. ಒಂದು ಕನ್ನಡಿಯನ್ನು ಗೋಡೆಗೆ ಒರಗಿಸಿ, ಎದುರಿಗೆ ನಕ್ಷತ್ರದ ಹಾಳೆ ಇಡಿ. ಕೈ ಕಾಣದಂತೆ ಒಂದು ರಟ್ಟನ್ನು ಯಾರಾದರೂ ಅಡ್ಡ ಹಿಡಿಯಲಿ. ಕನ್ನಡಿಯನ್ನು ಮಾತ್ರ ನೋಡುತ್ತ ಓಣಿಯಲ್ಲಿ ಗೆರೆ ಎಳೆಯಿರಿ, ಎಷ್ಟು ಸಲ ಗೆರೆ ದಾಟಿತು ಎಂದು ಎಣಿಸಿ ಹಾಳೆಯ ಮೂಲೆಯಲ್ಲಿ ದಿನಾಂಕದೊಂದಿಗೆ ಬರೆಯಿರಿ. ದಿನಕ್ಕೆ ಹತ್ತು ಸಲದಂತೆ ಮೂರು ದಿನ ಬಲಗೈಯಲ್ಲೇ ಮಾಡಿ. ಎಡಚರಾಗಿದ್ದರೆ ಎಡಗೈಯಲ್ಲಿ ಮಾಡಿ. ನಾಲ್ಕನೆಯ ದಿನ ಪೆನ್ಸಿಲನ್ನು ಇನ್ನೊಂದು ಕೈಗೆ ಕೊಡಿ. ಆ ಕೈ ಒಮ್ಮೆಯೂ ಅಭ್ಯಾಸ ಮಾಡಿಲ್ಲ. ಆದರೂ ಅದರ ತಪ್ಪುಗಳು, ಮೊದಲ ಕೈ ಮೊದಲ ದಿನ ಮಾಡಿದ ತಪ್ಪುಗಳಿಗಿಂತ ಸಾಮಾನ್ಯವಾಗಿ ಕಡಿಮೆ ಇರುತ್ತವೆ. ಒಂದು ಕೈಗೆ ಕಲಿಸಿದ್ದರಲ್ಲಿ ಒಂದು ಪಾಲು ಇನ್ನೊಂದಕ್ಕೂ ಬಂದಿರುತ್ತದೆ, ಏಕೆಂದರೆ ಎರಡೂ ಕೈಗಳನ್ನು ಪಳಗಿಸುತ್ತಿರುವುದು ಒಂದೇ ಮೆದುಳು.